ಟಿಕಿಯ ದವಡೆ, ಪಂಜದ ಓತಿ: ಸೂಕ್ಷ್ಮದರ್ಶಕದ ಛಾಯಾಚಿತ್ರ ನುಡಿಯುವ ಸಾಕ್ಷಿಯ ಬಗ್ಗೆ ಒಂದು ಟಿಪ್ಪಣಿ

ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯ ಟಿಕಿ ಹಳ್ಳಿಯ ಆಸುಪಾಸಿನಲ್ಲಿ ಸಿಕ್ಕಿದ ಒಂದು ಪುಟ್ಟ ಕೆಳದವಡೆ ಈ ಟಿಪ್ಪಣಿಯ ವಿಷಯ. ಪಿ. ಎಂ. ದತ್ತಾ ಮತ್ತು ಸಂಘಮಿತ್ರಾ ರೇ 2006ರಲ್ಲಿ ಅದಕ್ಕೆ ಟಿಕಿಗ್ವಾನಿಯಾ ಎಸ್ಟೆಸಿ ಎಂದು ಹೆಸರಿಟ್ಟು ‘ಪೇಲಿಯಂಟಾಲಜಿ’ ಪತ್ರಿಕೆಯಲ್ಲಿ ವರ್ಣಿಸಿದರು. ಟಿಕಿಯ ಪದರಗಳು ಟ್ರಯಾಸಿಕ್ ಯುಗದ ಕೊನೆಯ ಭಾಗದವು, ಸುಮಾರು 22 ಕೋಟಿ ವರ್ಷ ಹಳೆಯವು. ದವಡೆಯೂ ಅಷ್ಟೇ ಹಳೆಯದೆಂದರೆ ಹಲ್ಲಿ, ಓತಿ, ಹಾವುಗಳ ಇಡೀ ಕುಲದಲ್ಲಿ ಆಗ ತಿಳಿದಿದ್ದ ಅತ್ಯಂತ ಹಿರಿಯ ಪಳೆಯುಳಿಕೆ ಅದೇ ಆಗುತ್ತಿತ್ತು. ಕೆಲವು ವರ್ಷ ಹಾಗೆಯೇ ಎಣಿಸಲಾಯಿತು. ಜೀವಿಗಳ ವಂಶವೃಕ್ಷಕ್ಕೆ ಡಿಎನ್‌ಎ ಆಧಾರದಲ್ಲಿ ಕಾಲ ಗೊತ್ತುಮಾಡುವವರೂ ಆ ದವಡೆಯನ್ನು ಮೈಲಿಗಲ್ಲಾಗಿ ನೆಟ್ಟುಕೊಂಡರು.

2012ರಲ್ಲಿ ಮಾರ್ಕ್ ಹಚಿನ್ಸನ್, ಆಡಂ ಸ್ಕಿನ್ನರ್ ಮತ್ತು ಮೈಕಲ್ ಲೀ ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಆ ಮೈಲಿಗಲ್ಲನ್ನು ಅಲುಗಿಸಿದರು. ಅವರ ವಾದ ಸರಳವಾದದ್ದು: ಈ ದವಡೆ ಓತಿಗಳ ಕುಟುಂಬವಾದ ಅಗಾಮಿಡೇಗೆ ಸೇರಿದ್ದು ಎಂಬುದರಲ್ಲಿ ತಕರಾರಿಲ್ಲ, ಆದರೆ ಅದು ಆ ಕುಟುಂಬದ ಮೂಲಪುರುಷನಂತೆ ಕಾಣುವುದಿಲ್ಲ, ಇಂದು ಏಷ್ಯಾದಲ್ಲಿ ಬದುಕಿರುವ ಡ್ರಾಕೊನಿನೇ ಉಪಕುಟುಂಬದ ಓತಿಗಳಿಂದ ಅದನ್ನು ಬೇರೆ ಮಾಡಿ ತೋರಿಸಲು ಯಾವ ಗುರುತೂ ಸಿಗುವುದಿಲ್ಲ. ಹಾಗಾದರೆ ಅದು ಟ್ರಯಾಸಿಕ್ ಮಣ್ಣಿನೊಳಗೆ ಬಹಳ ತಡವಾಗಿ ಸೇರಿಕೊಂಡ, ಟರ್ಷಿಯರಿ ಕಾಲದ ಕೊನೆಗೋ ಅದಕ್ಕೂ ಈಚೆಗೋ ಸತ್ತ ಓತಿಯ ದವಡೆ ಆಗಿರುವ ಸಂಭವವೇ ಹೆಚ್ಚು.

ಡ್ರಾಕೊನಿನೇ ಎಂದೊಡನೆ ದಕ್ಷಿಣ ಕನ್ನಡದ ಪಂಜ ಎಂಬ ಊರಿನಲ್ಲಿ ಕೂತವನಿಗೆ ಅದು ದೂರದ ಮಾತಾಗಿ ಉಳಿಯುವುದಿಲ್ಲ. ಬೇಲಿಯ ಮೇಲೆ ತಲೆ ಅಲ್ಲಾಡಿಸುವ ಓತಿಕ್ಯಾತ, ಅಡಿಕೆ ಮರದಿಂದ ಅಡಿಕೆ ಮರಕ್ಕೆ ತೇಲಿ ಹೋಗುವ ಹಾರುವ ಓತಿ, ಎರಡೂ ಅದೇ ಉಪಕುಟುಂಬದವು. ತೇಜಸ್ವಿಯವರ ‘ಕರ್ವಾಲೊ’ ಓದಿದವರು ಹಾರುವ ಓತಿಯನ್ನು ಕಾಲದ ಆಳದಿಂದ ಎದ್ದು ಬಂದ ಪ್ರಾಣಿಯಾಗಿ ನೆನಪಿಟ್ಟುಕೊಂಡಿರುತ್ತಾರೆ. ಕಾದಂಬರಿಯ ಕೆಲಸ ಅದು, ತಪ್ಪಲ್ಲ. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಮಾತ್ರ ಡ್ರಾಕೊ ಡಸ್ಸುಮಿಯೇರಿ ಎಂಬ ನಮ್ಮ ಹಾರುವ ಓತಿ ಹೊಸ ಕಾಲದ ಜೀವಿ. 1837ರಲ್ಲಿ ಡ್ಯುಮೆರಿಲ್ ಮತ್ತು ಬಿಬ್ರೋನ್ ಅದನ್ನು ವರ್ಣಿಸಿದರು. ನೀಳವಾದ ಪಕ್ಕೆಲುಬುಗಳ ಮೇಲೆ ಚರ್ಮವನ್ನು ಬಿಡಿಸಿ ತೇಲುವ ಅದರ ರೀತಿ ಪಶ್ಚಿಮಘಟ್ಟದ ತೋಟಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ನಿಂತ ಯಾರಿಗೂ ಕಾಣಸಿಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟು. ಸೂಕ್ಷ್ಮದರ್ಶಕದ ಮೂಲಕ ತೆಗೆದ ಹಲ್ಲಿನ ಛಾಯಾಚಿತ್ರ ಆಕಾರಕ್ಕೆ ಸಾಕ್ಷಿ ನುಡಿಯುತ್ತದೆ. ಕಾಲಕ್ಕೆ ಸಾಕ್ಷಿ ನುಡಿಯುವಂತೆ ಮಾಡಬೇಕಾದರೆ ಅದನ್ನು ತೆಗೆಯುವ ಕ್ರಮವನ್ನೇ ಬದಲಿಸಬೇಕು. ಟಿಕಿಯ ವಿವಾದ ನಡೆದದ್ದು ಆಕಾರದ ಬಗ್ಗೆ ಅಲ್ಲವೇ ಅಲ್ಲ ಎಂಬುದನ್ನು ಗಮನಿಸಬೇಕು. ಎರಡೂ ಪಕ್ಷದವರು ಅದೇ ದವಡೆಯಲ್ಲಿ ಅದೇ ಓತಿಯನ್ನೇ ಕಂಡರು.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಿ ಮುಂದೆ ಹೋಗುವೆ. ಪಂಜದ ನೆಲದಲ್ಲಿ ಪ್ರಾಚೀನ ಸರೀಸೃಪಗಳ ಹಲ್ಲು ಹುಡುಕುವುದು ವ್ಯರ್ಥ. ಇಲ್ಲಿನ ತಳಬಂಡೆ ಪ್ರಾಣಿಗಳೇ ಇಲ್ಲದ ಕಾಲದ ನೈಸ್ ಶಿಲೆ. ಅದರ ಮೇಲಿರುವುದು ಬಂಡೆ ಕೊಳೆತು ಆದ ಮುರಕಲ್ಲು ಮತ್ತು ಕೆಂಪುಮಣ್ಣು. ಮಳೆ ಹೆಚ್ಚಿರುವ ಕಡೆಯ ಹುಳಿ ಮಣ್ಣಿನಲ್ಲಿ ಮೂಳೆ, ಹಲ್ಲುಗಳ ಖನಿಜವಾದ ಅಪಟೈಟ್ ಬಹಳ ಕಾಲ ಉಳಿಯುವುದೂ ಇಲ್ಲ. ಕುಮಾರಧಾರೆಯ ಪಾತ್ರದಲ್ಲಿ ಸಿಕ್ಕಿತೆಂದು ‘ಡೈನೋಸಾರ್ ಹಲ್ಲು’ ತಂದು ತೋರಿಸುವವರು ತರುವುದು ಹೆಚ್ಚಾಗಿ ನೀರಿನಲ್ಲಿ ಉಜ್ಜಿಹೋದ ಬೆಣಚುಕಲ್ಲಿನ ಚೂರು. ಪಂಜ ಈ ಟಿಪ್ಪಣಿಗೆ ಒದಗಿಸುವುದು ಹೋಲಿಕೆಯ ತಕ್ಕಡಿಯ ಇನ್ನೊಂದು ತಟ್ಟೆಯನ್ನು, ಅಂದರೆ ಇಂದಿನ ಓತಿಯ ಹಲ್ಲನ್ನು.

ಓತಿಯ ಬಾಯಿಯ ಬಗ್ಗೆ ಸ್ವಲ್ಪ ವಿವರ ಬೇಕು. ಮೊಸಳೆಯ ಹಲ್ಲು ದವಡೆಯ ಗುಳಿಯಲ್ಲಿ ನಾಟಿಕೊಂಡು ಜೀವಮಾನವಿಡೀ ಉದುರಿ ಹೊಸದಾಗಿ ಬರುತ್ತಿರುತ್ತದೆ. ಗೋಡೆಯ ಹಲ್ಲಿ, ಹಾವುರಾಣಿ, ಉಡಗಳ ಹಲ್ಲು ದವಡೆಯ ಒಳಮೈಗೆ ಒರಗಿ ಅಂಟಿರುತ್ತದೆ, ಅದೂ ಬದಲಾಗುತ್ತಿರುತ್ತದೆ. ಈ ಬಗೆಗೆ ಪ್ಲೂರೊಡಾಂಟ್ ಎಂದು ಹೆಸರು. ಓತಿಗಳಲ್ಲಿ ಕೆನ್ನೆಯ ಕಡೆಯ ಹಲ್ಲುಗಳು ದವಡೆಯ ಅಂಚಿನ ಮೇಲೆಯೇ ಬೆಸೆದುಹೋಗಿರುತ್ತವೆ. ಇದು ಅಕ್ರೊಡಾಂಟ್ ಬಗೆ. ಹಾಗೆ ಬೆಸೆದ ಹಲ್ಲು ಉದುರಿ ಮತ್ತೆ ಹುಟ್ಟುವುದಿಲ್ಲ. ಪ್ರಾಣಿ ಬೆಳೆದಂತೆ ದವಡೆಯ ಹಿಂತುದಿಯಲ್ಲಿ ಹೊಸ ಹಲ್ಲು ಸೇರುತ್ತ ಹೋಗುತ್ತದೆ. ಆದುದರಿಂದ ಒಂದೇ ದವಡೆಯ ಸಾಲಿನಲ್ಲಿ ಮುಂದಿನವು ಸವೆದು ಮೊಂಡಾಗಿ, ಹಿಂದಿನವು ಚೂಪಾದ ತ್ರಿಕೋನಗಳಾಗಿ ಉಳಿದಿರುತ್ತವೆ. ಬಾಯಿಯ ತೀರ ಮುಂದೆ ಮಾತ್ರ ಕೆಲವು ಹಲ್ಲುಗಳು ಪ್ಲೂರೊಡಾಂಟ್ ಆಗಿಯೇ ಇದ್ದು ಬದಲಾಗುತ್ತವೆ, ಅವುಗಳಲ್ಲಿ ಒಂದೆರಡು ಕೋರೆಯಂತೆ ನೀಳ. ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ ಎಂಬ ಈ ಜೋಡಣೆಯೇ ಟಿಕಿಯ ದವಡೆಯನ್ನು ಓತಿಯೆಂದು ಗುರುತಿಸಿಕೊಟ್ಟದ್ದು.

ಇದನ್ನು ಚಿತ್ರದಲ್ಲಿ ತೋರಿಸುವುದು ಕಾಣುವಷ್ಟು ಸುಲಭವಲ್ಲ. ಹಾರುವ ಓತಿಯ ಕೆಳದವಡೆಯ ಉದ್ದ ಬೆರಳಿನ ಒಂದು ಗೆಣ್ಣಿಗಿಂತಲೂ ಕಡಿಮೆ. ಒಂದು ಹಲ್ಲು ಒಂದು ಮಿಲಿಮೀಟರಿನೊಳಗೇ ಮುಗಿಯುತ್ತದೆ. ಕಾಲೇಜುಗಳ ಪ್ರಯೋಗಾಲಯದಲ್ಲಿರುವ ಸ್ಟೀರಿಯೊ ಸೂಕ್ಷ್ಮದರ್ಶಕದಲ್ಲಿ ಹತ್ತರಿಂದ ನಲವತ್ತು ಪಟ್ಟು ದೊಡ್ಡದು ಮಾಡಿ ನೋಡಿದಾಗ ಕಣ್ಣಿಗೆ ಚೆನ್ನಾಗಿ ಕಾಣುವುದು ಕ್ಯಾಮೆರಾಕ್ಕೆ ಹಾಗೆಯೇ ಕಾಣುವುದಿಲ್ಲ. ಕಣ್ಣು ಗುಂಡಿ ತಿರುಗಿಸುತ್ತ ಆಳವನ್ನು ಓದಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಸಿಗುವುದು ಒಂದೇ ತೆಳು ಹಾಳೆ.

ಆ ಹಾಳೆ ಎಷ್ಟು ತೆಳು ಎಂಬುದಕ್ಕೆ ಲೆಕ್ಕವಿದೆ. ಮಸೂರದ ಸಂಖ್ಯಾ ದ್ಯುತಿರಂಧ್ರ 0.1 ಇದ್ದರೆ, ಹಸಿರು ಬೆಳಕಿನ ತರಂಗದೂರವನ್ನು 0.55 ಮೈಕ್ರಾನ್ ಎಂದಿಟ್ಟುಕೊಂಡರೆ, ಬೇರೆಬೇರೆಯಾಗಿ ಕಾಣಬಲ್ಲ ಎರಡು ಬಿಂದುಗಳ ಅಂತರ ಸುಮಾರು 3.4 ಮೈಕ್ರಾನ್; ಒಮ್ಮೆಗೆ ಸ್ಪಷ್ಟವಾಗಿ ನಿಲ್ಲುವ ಆಳ ಸುಮಾರು 55 ಮೈಕ್ರಾನ್. ಅರ್ಧ ಮಿಲಿಮೀಟರ್ ದಪ್ಪದ ಹಲ್ಲಿನಲ್ಲಿ ಇಂಥ ಒಂಬತ್ತು ಹಾಳೆಗಳು ಹಿಡಿಸುತ್ತವೆ. ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ತೆಗೆಯಬೇಕಾದ್ದರಿಂದ ಹದಿನೈದಿಪ್ಪತ್ತು ಚಿತ್ರ ಬೇಕಾಗುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಚಿತ್ರದ ಸ್ಪಷ್ಟ ಭಾಗವನ್ನಷ್ಟೇ ಆಯ್ದು ಒಂದಾಗಿ ಜೋಡಿಸುವುದು. ದ್ಯುತಿರಂಧ್ರವನ್ನು ಅರ್ಧಕ್ಕೆ ಇಳಿಸಿದರೆ ಆಳ ನಾಲ್ಕು ಪಟ್ಟಾಗುತ್ತದೆ, ಬಿಡಿಸಿ ತೋರುವ ಶಕ್ತಿ ಅರ್ಧವಾಗುತ್ತದೆ. ಈ ಕೊಡುಕೊಳೆಯಲ್ಲಿ ಯಾರಿಗೂ ರಿಯಾಯಿತಿ ಇಲ್ಲ.

ಇಂಥ ಜೋಡಣೆಯ ಚಿತ್ರಗಳನ್ನು ನೋಡುವಾಗ ನನಗೆ ಸದಾ ಒಂದು ಅಳುಕು. ಹಲ್ಲಿನ ಅಂಚಿನಲ್ಲಿ ತಂತ್ರಾಂಶ ಎರಡು ಗೆರೆ ಎಳೆದುಬಿಡುತ್ತದೆ, ಅಥವಾ ಸುತ್ತ ಬಿಳಿ ಪ್ರಭೆ ಮೂಡಿಸುತ್ತದೆ. ಅಂಚಿನ ಗರಗಸವೇ ಗುರುತಾಗಿರುವ ಹಲ್ಲುಗಳಲ್ಲಿ ಇದು ಇಲ್ಲದ ಕಚ್ಚನ್ನು ಇದೆಯೆಂದು ತೋರಿಸಬಲ್ಲದು. ಜೋಡಿಸಿದ ಚಿತ್ರವನ್ನು ಪ್ರಕಟಿಸುವವರು ಬಿಡಿ ಚಿತ್ರಗಳನ್ನೂ ಉಳಿಸಿ, ಕೇಳಿದವರಿಗೆ ಕೊಡುವಂತಿರಬೇಕು. ಸ್ಟೀರಿಯೊ ಸೂಕ್ಷ್ಮದರ್ಶಕಗಳಲ್ಲಿ ಗ್ರೀನೋ ಮಾದರಿಯವಕ್ಕೆ ಇನ್ನೊಂದು ತೊಡಕು: ಎರಡು ಕಣ್ಣಿನ ದಾರಿಗಳೂ ನಡುವಿನಿಂದ ಐದಾರು ಡಿಗ್ರಿ ವಾಲಿರುತ್ತವೆ. ಒಂದೇ ಕಣ್ಣಿನಿಂದ ಚಿತ್ರ ತೆಗೆಯುತ್ತ ಮಸೂರವನ್ನು ಇಳಿಸಿದರೆ ಪ್ರತಿ ಹೆಜ್ಜೆಗೂ ಹಲ್ಲು ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ತಂತ್ರಾಂಶ ಅದನ್ನು ಹೊಂದಿಸುತ್ತದೆ, ನಿಜ; ಹೊಂದಿಸಿದೆ ಎಂಬುದನ್ನು ಚಿತ್ರದಡಿಯಲ್ಲಿ ಬರೆಯುವವರು ವಿರಳ.

ವಾಲಿಕೆಯ ವಿಷಯ ಅಳತೆಗೂ ತಟ್ಟುತ್ತದೆ. ಹಲ್ಲು ನೋಟದ ದಿಕ್ಕಿಗೆ ಅಡ್ಡವಾಗಿ ಸರಿಯಾಗಿ ಮಲಗಿರದೆ 20 ಡಿಗ್ರಿ ಓರೆಯಾಗಿದ್ದರೆ ಅದರ ಎತ್ತರ ಚಿತ್ರದಲ್ಲಿ ಶೇ. 6ರಷ್ಟು ಕಡಿಮೆಯಾಗುತ್ತದೆ, 30 ಡಿಗ್ರಿಗೆ ಶೇ. 13. ಕ್ಯಾಮೆರಾಕ್ಕೆ ಐದಾರು ಡಿಗ್ರಿಯ ಓರೆ ಏನೂ ಅಲ್ಲ, ಶೇ. ಅರ್ಧದಷ್ಟು. ಆದರೆ ಮೇಣದ ಮೇಲೆ ಕೈಯಿಂದ ನಿಲ್ಲಿಸಿದ ಹಲ್ಲು 20 ಡಿಗ್ರಿ ಓರೆಯಾಗಿರುವುದು ಅಪರೂಪವಲ್ಲ. ಎರಡು ಜಾತಿಗಳ ನಡುವಿನ ವ್ಯತ್ಯಾಸವೆಂದು ಹೇಳುವ ಅನುಪಾತ ಎಷ್ಟೋ ಸಲ ಈ ಶೇಕಡಾವಾರಿನೊಳಗೇ ಇರುತ್ತದೆ. ಅದಕ್ಕಾಗಿ ಮೂರು ದಿಕ್ಕಿನ ಚಿತ್ರ ಕಡ್ಡಾಯ: ತುಟಿಯ ಕಡೆಯಿಂದ, ನಾಲಿಗೆಯ ಕಡೆಯಿಂದ, ಮೇಲಿನಿಂದ. ಓತಿಯ ದವಡೆಗೆ ನಾಲಿಗೆಯ ಕಡೆಯ ಚಿತ್ರವೇ ಮುಖ್ಯ. ಹಲ್ಲು ಅಂಚಿನ ಮೇಲೆ ಬೆಸೆದಿದೆಯೋ ಒಳಮೈಗೆ ಅಂಟಿದೆಯೋ ಎಂಬುದು ಅಲ್ಲಿ ಮಾತ್ರ ತೀರ್ಮಾನವಾಗುತ್ತದೆ. ಬಲದವಡೆಯನ್ನು ಹೋಲಿಕೆಗೆಂದು ಕನ್ನಡಿಯಲ್ಲಿ ತಿರುಗಿಸಿ ಎಡದವಡೆಯಂತೆ ಅಚ್ಚು ಹಾಕುವ ರೂಢಿ ಇದೆ. ಹೇಳಿ ಮಾಡಿದರೆ ಅಡ್ಡಿಯಿಲ್ಲ.

ಅಳತೆಯ ಗೆರೆಯ ಬಗ್ಗೆಯೂ ಒಂದು ಮಾತು. ಮೊಬೈಲನ್ನು ಕಣ್ಣುಮಸೂರಕ್ಕೆ ಹಿಡಿದು ತೆಗೆದ ಚಿತ್ರದ ಕೆಳಗೆ ‘20 ಪಟ್ಟು’ ಎಂದು ಬರೆದರೆ ಅದಕ್ಕೆ ಅರ್ಥವಿಲ್ಲ. ಪರದೆಯ ಮೇಲೆ ಬೆರಳಾಡಿಸಿದೊಡನೆ ಆ ಸಂಖ್ಯೆ ಸುಳ್ಳಾಗುತ್ತದೆ. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದ ಗಾಜಿನ ಅಳತೆಪಟ್ಟಿಯನ್ನು ಅದೇ ಜೋಡಣೆಯಲ್ಲಿ, ಏನನ್ನೂ ಅಲುಗಿಸದೆ, ಹಲ್ಲಿನ ಚಿತ್ರದ ಹಿಂದೆಯೇ ತೆಗೆದಿಟ್ಟುಕೊಳ್ಳಬೇಕು. ಅಂಚಿನತ್ತ ಮಸೂರ ಆಕಾರವನ್ನು ಎಳೆಯುವುದರಿಂದ ಹಲ್ಲು ನೋಟದ ನಡುವಿನಲ್ಲೇ ಇರಲಿ.

ಇನ್ನು ಬೆಳಕು. ಎನಾಮಲ್ ಹೊಳೆಯುವುದೂ ಹೌದು, ಒಳಗಿನಿಂದ ಬೆಳಕನ್ನು ಹಾಯಿಸುವುದೂ ಹೌದು. ನೇರ ಬೆಳಕಿನಲ್ಲಿ ಅದರ ಮೇಲೆ ಒಂದು ಬಿಳಿ ಚುಕ್ಕೆ ಕೂರುತ್ತದೆ, ಗೀರು-ಏಣು ಎಲ್ಲ ಆ ಚುಕ್ಕೆಯಲ್ಲಿ ಮುಳುಗುತ್ತವೆ. ಪಳೆಯುಳಿಕೆಶಾಸ್ತ್ರದಲ್ಲಿ ಬೆಳಕು ಚಿತ್ರದ ಎಡಮೇಲಿನ ಮೂಲೆಯಿಂದ ಬರಬೇಕೆಂಬ ರೂಢಿ ಹಳೆಯದು. ಬೆಳಕು ಕೆಳಗಿನಿಂದ ಬಂದರೆ ಕಣ್ಣು ಉಬ್ಬನ್ನು ತಗ್ಗೆಂದು, ತಗ್ಗನ್ನು ಉಬ್ಬೆಂದು ಓದುತ್ತದೆ. ಹಲ್ಲಿನ ಮೇಲಿನ ಉದ್ದೇಣು ಕಾಲುವೆಯಾಗಿ ಕಂಡರೆ ಹೆಸರೇ ಬದಲಾದೀತು. ಹೊಳಪನ್ನು ಕೊಲ್ಲಲು ಎರಡು ಧ್ರುವೀಕಾರಕಗಳನ್ನು ಒಂದಕ್ಕೊಂದು ಅಡ್ಡವಾಗಿ ಇಡುವುದು ಒಂದು ಉಪಾಯ: ಒಂದು ದೀಪಕ್ಕೆ, ಒಂದು ಮಸೂರಕ್ಕೆ. ಆಗ ಬಣ್ಣ ಚೆನ್ನಾಗಿ ಬರುತ್ತದೆ, ಮೈಯ ಏರುತಗ್ಗು ಸ್ವಲ್ಪ ಸೋಲುತ್ತದೆ.

ಏರುತಗ್ಗು ಬೇಕಾದವರು ನವಸಾಗರ ಬಳಸುತ್ತಾರೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರ ಚೀಲದಲ್ಲಿರುತ್ತಿದ್ದ ಅದೇ ಅಮೋನಿಯಂ ಕ್ಲೋರೈಡ್. ಗಾಜಿನ ಕೊಳವೆಯಲ್ಲಿ ಕಾಯಿಸಿದರೆ ಅದು ಕರಗದೆ ನೇರವಾಗಿ ಆವಿಯಾಗುತ್ತದೆ. ಆ ಬಿಳಿ ಹೊಗೆಯನ್ನು ಹಲ್ಲಿನ ಮೇಲೆ ಮೆಲ್ಲನೆ ಊದಿದರೆ ತೆಳುವಾದ, ಹೊಳಪಿಲ್ಲದ ಬಿಳಿ ಪೊರೆ ಕೂರುತ್ತದೆ. ಬಣ್ಣದ ಗೊಂದಲ ಹೋಗಿ ಆಕಾರ ಮಾತ್ರ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಆದರೆ ಪಂಜದ ಆಟಿ ತಿಂಗಳಲ್ಲಿ ಇದನ್ನು ಮಾಡಹೊರಟವರಿಗೆ ಬೇರೆಯೇ ಪಾಠವಾಗುತ್ತದೆ. ಗಾಳಿಯ ತೇವಕ್ಕೆ ಪೊರೆ ಕೂತ ಗಳಿಗೆಯಲ್ಲೇ ಹರಳುಗಟ್ಟಿ ಗಂಟುಗಂಟಾಗುತ್ತದೆ, ಹಲ್ಲಿನ ಮೇಲೆ ಇಲ್ಲದ ಕಣಗಳು ಮೂಡುತ್ತವೆ. ಹಲ್ಲಿನ ಮೇಲೆ ತೇವದೊಡನೆ ಉಳಿದ ನವಸಾಗರ ಹುಳಿಯಾಗಿ ವರ್ತಿಸುವುದರಿಂದ ತೊಳೆಯುವುದನ್ನು ನಾಳೆಗೆ ಇಡುವಂತಿಲ್ಲ. ಮಸೂರಗಳ ಪಾಡು ಇನ್ನೂ ಕಷ್ಟ: ಕರಾವಳಿಯ ಮಳೆಗಾಲದಲ್ಲಿ ಗಾಜಿನ ಒಳಮೈಗೆ ಬೂಸ್ಟು ಹಿಡಿದು ಜೇಡರ ಬಲೆಯಂಥ ಎಳೆಗಳು ಹರಡುತ್ತವೆ. ಅದು ಚಿತ್ರದಲ್ಲಿ ಕಲೆಯಾಗಿ ಕಾಣುವುದಿಲ್ಲ, ಎಲ್ಲವನ್ನೂ ಮಂಕುಮಾಡುತ್ತದೆ ಅಷ್ಟೆ. ಆದ್ದರಿಂದಲೇ ಗೊತ್ತಾಗುವುದು ತಡ. ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿಯೋ, ಸಣ್ಣ ಬಲ್ಬು ಉರಿಯುವ ಕಪಾಟೋ ಇಲ್ಲದೆ ಇಲ್ಲಿ ಸೂಕ್ಷ್ಮದರ್ಶಕ ಸಾಕುವುದು ಆಗದ ಮಾತು. ಇಂಥ ಕೆಲಸವನ್ನು ನಮ್ಮ ಕಡೆ ದೀಪಾವಳಿ ಕಳೆದ ಮೇಲೆ ಹಿಡಿಯುವುದೇ ಲೇಸು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ರಗಳೆಗಳು ಬಹುಪಾಲು ಇಲ್ಲ. ಆಳ ಧಾರಾಳವಾಗಿ ಸಿಗುತ್ತದೆ, ಹೊಳಪಿನ ಮಾತೇ ಇಲ್ಲ. ಬೆಲೆ ಬೇರೆ ರೀತಿಯಲ್ಲಿ ತೆರಬೇಕು. ಸಾಮಾನ್ಯವಾಗಿ ಮಾದರಿಯ ಮೇಲೆ ಚಿನ್ನದ ತೆಳು ಲೇಪ ಬೇಕು, ಬಣ್ಣ ಪೂರ್ತಿ ಹೋಗುತ್ತದೆ. ಭಾರತದಲ್ಲಿ ಈ ದಾರಿಯನ್ನು ತೆರೆದವರಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಅಶೋಕ್ ಸಾಹ್ನಿ ಮುಖ್ಯರು. ಮಣ್ಣನ್ನು ಮೂಟೆಗಟ್ಟಲೆ ಹೊತ್ತು ತಂದು, ಒಣಗಿಸಿ, ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಚರಟವನ್ನು ಸೂಕ್ಷ್ಮದರ್ಶಕದಡಿ ಒಂದೊಂದೇ ಕಣವಾಗಿ ಹೆಕ್ಕುವ ಕ್ರಮವೂ ಹಲ್ಲಿನ ಎನಾಮಲ್ಲಿನ ಒಳರಚನೆಯನ್ನು ನೋಡುವ ಕ್ರಮವೂ ಅವರ ಮತ್ತು ಅವರ ಶಿಷ್ಯರ ಮೂಲಕ ಇಲ್ಲಿ ನೆಲೆಯಾದವು. ಎನಾಮಲ್ಲಿನ ವಿಷಯದಲ್ಲಿ ಒಂದು ಸ್ವಾರಸ್ಯವನ್ನು ಇಲ್ಲೇ ಹೇಳಿಬಿಡುವೆ. ಸಸ್ತನಿಗಳ ಎನಾಮಲ್ ಕಡ್ಡಿಕಟ್ಟಿನಂಥ ಪ್ರಿಸಂಗಳಿಂದ ಆಗಿರುತ್ತದೆ, ಸರೀಸೃಪಗಳದ್ದು ಸಾಮಾನ್ಯವಾಗಿ ಹಾಗಿರುವುದಿಲ್ಲ. ಬದುಕಿರುವ ಸರೀಸೃಪಗಳಲ್ಲಿ ಈ ನಿಯಮವನ್ನು ಮುರಿದದ್ದೆಂದು 1970ರ ದಶಕದಿಂದ ಹೆಸರಾದ ಯೂರೊಮ್ಯಾಸ್ಟಿಕ್ಸ್ ಕೂಡ ಒಂದು ಅಗಾಮಿಡೇ, ಮರುಭೂಮಿಯ ಓತಿ.

ನಮ್ಮ ರಾಜ್ಯಕ್ಕೆ ಹತ್ತಿರದ ಉದಾಹರಣೆಗಳನ್ನು ನೋಡೋಣ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಸುತ್ತ ದಖ್ಖನ್ ಲಾವಾ ಹರಿವುಗಳ ನಡುವೆ ಸಿಕ್ಕಿಬಿದ್ದ ಹಳೆಯ ಕೆರೆಗಳ ಮಣ್ಣಿದೆ. ಅದರಿಂದ ಕ್ಯಾರಾ ಪಾಚಿಯ ಸೂಕ್ಷ್ಮ ಕಾಯಿಗಳೂ ಆಸ್ಟ್ರಕಾಡ್ ಎಂಬ ಚಿಪ್ಪುಪ್ರಾಣಿಗಳೂ ವರದಿಯಾಗಿವೆ. ಗಡಿಯಾಚೆ ತೆಲಂಗಾಣದ ನಸ್ಕಲ್ಲಿನ ಅಂಥದೇ ಪದರದಿಂದ 1988ರಲ್ಲಿ ಜಿ.ವಿ.ಆರ್. ಪ್ರಸಾದ್ ಮತ್ತು ಸಾಹ್ನಿ ಡೆಕ್ಕನೊಲೆಸ್ಟಿಸ್ ಎಂಬ ಸಸ್ತನಿಯ ಹಲ್ಲುಗಳನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 2002ರಲ್ಲಿ ಪ್ರಸಾದ್ ಮತ್ತು ಲಾಪಾರಾಂ ದ ಬ್ರೋಯಾಂ ಅಲ್ಲಿನ ಮೊಸಳೆ ಅವಶೇಷಗಳನ್ನು ವಿವರಿಸಿದರು. ತಮಿಳುನಾಡಿನ ಅರಿಯಲೂರು ಸೀಮೆ ಕನ್ನಡದ ಭೂವಿಜ್ಞಾನಕ್ಕೆ ಹಳೆಯ ನಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್ ಅವರು ಯೂಲಿಯಸ್ ಪಿಯಾ ಅವರೊಡನೆ ಅಲ್ಲಿನ ನಿನಿಯೂರು ಸುಣ್ಣಕಲ್ಲಿನ ಪಾಚಿ ಪಳೆಯುಳಿಕೆಗಳ ಬಗ್ಗೆ 1936ರಲ್ಲಿ ಬರೆದರು. ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ತೇಯ್ದು ಸೂಕ್ಷ್ಮದರ್ಶಕದಡಿ ಓದುವ ಕೆಲಸ ಅದು. ಅದೇ ಸೀಮೆಯ ಕಲ್ಲಮೇಡಿನಿಂದ 2013ರಲ್ಲಿ ಅಂಜಲಿ ಗೋಸ್ವಾಮಿ, ಪ್ರಸಾದ್ ಮತ್ತು ಜೊತೆಗಾರರು ಒಂದೇ ಒಂದು ಹಲ್ಲಿನ ಆಧಾರದ ಮೇಲೆ ಟ್ರೂಡಾಂಟಿಡ್ ಡೈನೋಸಾರ್ ಭಾರತದಲ್ಲಿ ಇತ್ತೆಂದು ಹೇಳಿದರು. ಆ ಗುಂಪು ಉತ್ತರದ ಖಂಡಗಳದ್ದೆಂದು ಎಲ್ಲರೂ ನಂಬಿದ್ದ ಹೊತ್ತು. ಕಿರೀಟದ ಬುಡದಲ್ಲಿ ಸೊಂಟ ಕಟ್ಟಿದಂತಿರುವುದು, ಗರಗಸದ ಹಲ್ಲುಗಳು ದೊಡ್ಡವಾಗಿ ತುದಿಯತ್ತ ಕೊಕ್ಕೆಯಂತೆ ಬಾಗಿರುವುದು, ಇಂಥ ಲಕ್ಷಣಗಳ ಮೇಲೆ ಒಂದು ಭೂಖಂಡದ ಪ್ರಾಣಿಚರಿತ್ರೆಯ ವಾದ ನಿಂತಿದೆ. ಆ ಲಕ್ಷಣಗಳು ನಮ್ಮನ್ನು ತಲುಪುವುದು ಚಿತ್ರದ ಮೂಲಕವೇ.

ಕಲ್ಲಮೇಡಿನ ಹಲ್ಲಿಗೂ ಟಿಕಿಯ ದವಡೆಗೂ ಇರುವ ವ್ಯತ್ಯಾಸ ಗಮನಾರ್ಹ. ಟ್ರೂಡಾಂಟಿಡ್ ಇಂದು ಬದುಕಿಲ್ಲ, ಆದ್ದರಿಂದ ಅದರ ಹಲ್ಲು ನಿನ್ನೆ ಬಿದ್ದದ್ದಾಗಿರಲು ಸಾಧ್ಯವಿಲ್ಲ. ಟಿಕಿಯಲ್ಲೇ ಸಿಗುವ ಹೈಪರೊಡಪಿಡಾನ್ ಎಂಬ ರಿಂಕೊಸಾರ್‌ನ ಹಲ್ಲಿನ ಫಲಕವನ್ನೂ ಯಾರೂ ಶಂಕಿಸುವುದಿಲ್ಲ. ಅಕ್ರೊಡಾಂಟ್ ಹಲ್ಲಿನ ಕತೆ ಹಾಗಲ್ಲ. ತೆಲಂಗಾಣದ ರೆಬ್ಬನ ಬಳಿಯ ಜುರಾಸಿಕ್ ಕಾಲದ ಕೋಟಾ ಪದರಗಳಿಂದ ಸೂಸನ್ ಇವಾನ್ಸ್, ಪ್ರಸಾದ್ ಮತ್ತು ಮನ್ಹಾಸ್ 2001ರಲ್ಲಿ ರೆಬ್ಬನಸಾರಸ್, ಗೋದಾವರಿಸಾರಸ್ ಎಂಬ ಎರಡನ್ನು ವರ್ಣಿಸಿದರು. ಇವು ನ್ಯೂಜಿಲೆಂಡಿನ ಟುವಟಾರ ಎಂಬ ಸರೀಸೃಪದ ಬಳಗ. 2002ರಲ್ಲಿ ಅದೇ ಮೂವರು ಭಾರತಗಾಮ ಎಂಬುದನ್ನು ಓತಿಗಳ ಹತ್ತಿರದ್ದೆಂದು ವರ್ಣಿಸಿದರು. ಟುವಟಾರದ ಬಳಗಕ್ಕೂ ಓತಿಗಳಿಗೂ ಹಲ್ಲು ದವಡೆಯ ಅಂಚಿಗೇ ಬೆಸೆದಿರುವುದರಿಂದ ಮುರಿದ ತುಂಡುಗಳಲ್ಲಿ ಇವನ್ನು ಬೇರ್ಪಡಿಸುವುದು ಕಷ್ಟ. ಭಾರತಗಾಮದ ಸ್ಥಾನದ ಬಗ್ಗೆಯೂ ಆಮೇಲೆ ಸಂಶಯದ ಮಾತು ಬಂದಿದೆ. ಆದರೂ ಅಲ್ಲಿ ದವಡೆಯ ತುಂಡುಗಳು ಹೇರಳವಾಗಿ ಸಿಕ್ಕಿವೆ, ಆಕಾರದಲ್ಲಿ ಇಂದಿನ ಓತಿಗಿಂತ ಭಿನ್ನವಾಗಿವೆ. ಟಿಕಿಯದು ಒಂಟಿ ದವಡೆ, ಇಂದಿನ ಓತಿಯ ಪಡಿಯಚ್ಚು. ಟ್ರಯಾಸಿಕ್‌ನಲ್ಲಿ ಹಲ್ಲಿಗಳ ಪೂರ್ವಜರು ಇರಲಿಲ್ಲವೆಂದು ಇದರರ್ಥವಲ್ಲ. ಇಟಲಿಯ ಮೆಗಾಕಿರೆಲ್ಲಾವನ್ನು 2018ರಲ್ಲಿ ಮರುಪರಿಶೀಲಿಸಿ 24 ಕೋಟಿ ವರ್ಷ ಹಿಂದಿನ ಅಂಥ ಪೂರ್ವಜನೆಂದು ಗುರುತಿಸಿದ್ದಾರೆ. ಅದು ಪೂರ್ವಜನಂತೆಯೇ ಕಾಣುತ್ತದೆ ಎಂಬುದು ಅದರ ಬಲ.

ಚಿತ್ರದಲ್ಲಿ ಬಣ್ಣ ನೋಡಿ ಕಾಲ ಹೇಳುವವರಿದ್ದಾರೆ. ಕಂದು ಬಣ್ಣ ಬಂದಿದ್ದರೆ ಹಳೆಯದು, ಬಿಳಿಯಾಗಿದ್ದರೆ ಹೊಸದು ಎಂಬ ಭಾವನೆ. ಕೆಂಪುಮಣ್ಣಿನ ಊರಿನವರು ಇದಕ್ಕೆ ಮರುಳಾಗಬಾರದು. ಕಬ್ಬಿಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಬಿದ್ದ ಮೂಳೆಗೆ ಕಂದುಕೆಂಪು ಬೇಗನೆ ಹತ್ತುತ್ತದೆ. ತೋಟದ ಚರಂಡಿಯ ಬದಿಯಲ್ಲಿ ಸಿಕ್ಕ ಓತಿಯ ದವಡೆಯನ್ನು ಎಡಮೇಲಿನ ಬೆಳಕಿನಲ್ಲಿ, ಕಪ್ಪು ಹಿನ್ನೆಲೆಯ ಮೇಲೆ, ಅಳತೆಯ ಗೆರೆಯೊಡನೆ ತೆಗೆದರೆ ಅದು ಯಾವ ಗ್ರಂಥದಲ್ಲೂ ಪಳೆಯುಳಿಕೆಯಾಗಿ ಕೂರುವಷ್ಟು ಗಂಭೀರವಾಗಿ ಕಾಣುತ್ತದೆ.

ಹಾಗಾದರೆ ಕಾಲದ ಸುಳಿವು ಕೊಡುವ ಚಿತ್ರ ಯಾವುದು? ನನ್ನ ಮಟ್ಟಿಗೆ, ತೊಳೆಯುವುದಕ್ಕೆ ಮೊದಲು ತೆಗೆದದ್ದು. ದವಡೆಯ ನರರಂಧ್ರಗಳಲ್ಲಿ, ಹಲ್ಲಿನ ಬುಡದ ಸಂದಿಗಳಲ್ಲಿ, ಮುರಿದ ಹಿಂತುದಿಯ ಟೊಳ್ಳಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡ ಮೂಲಶಿಲೆ ಇದೆಯೇ, ಅಥವಾ ಸಡಿಲ ಮಣ್ಣೇ, ಅಥವಾ ಏನೂ ಇಲ್ಲವೇ ಎಂಬುದು ಆ ಹೊತ್ತಿನಲ್ಲಿ ಮಾತ್ರ ಕಾಣುತ್ತದೆ. ಜರಡಿಯಲ್ಲಿ ತೊಳೆದು ಬಂದ ಮಾದರಿಗೆ ಈ ಭಾಗ್ಯ ಪೂರ್ತಿ ಇರುವುದಿಲ್ಲ, ಆದರೂ ರಂಧ್ರದೊಳಗಿನ ಕಲ್ಲು ಸುಲಭಕ್ಕೆ ಹೋಗುವುದಿಲ್ಲ. ಆದುದರಿಂದ ಚಿತ್ರಗಳ ಸರದಿ ಹೀಗಿರಲಿ ಎಂಬುದು ನನ್ನ ಸಲಹೆ: ಮೊದಲು ಹೆಕ್ಕಿದ ಸ್ಥಿತಿಯಲ್ಲೇ ಬಣ್ಣದ ಚಿತ್ರ, ಸಾಧ್ಯವಾದರೆ ಅತಿನೇರಳೆ ಬೆಳಕಿನಲ್ಲೂ, ಏಕೆಂದರೆ ಮೂಳೆ ಮತ್ತು ಅಂಟಿದ ಕಲ್ಲು ಅದರಲ್ಲಿ ಬೇರೆಬೇರೆಯಾಗಿ ಬೆಳಗುವುದುಂಟು; ಶುಚಿಮಾಡಿದ ಮೇಲೆ ಮತ್ತೆ ಬಣ್ಣದ ಚಿತ್ರ; ಆಮೇಲೆ ನವಸಾಗರ; ಚಿನ್ನದ ಲೇಪ ಕಟ್ಟಕಡೆಗೆ. ಪ್ರಕಟಣೆಗಳಲ್ಲಿ ನಮಗೆ ಸಿಗುವುದು ಸಾಮಾನ್ಯವಾಗಿ ಕೊನೆಯ ಒಂದೋ ಎರಡೋ ಹಂತ. ಪತ್ರಿಕೆಯ ಪುಟ ದುಬಾರಿಯಾಗಿದ್ದ ಕಾಲದ ಅಭ್ಯಾಸ ಅದು. ಪುಟಕ್ಕೆ ಬೆಲೆಯಿಲ್ಲದ ಈ ಕಾಲದಲ್ಲೂ ಮುಂದುವರಿಯಲು ಕಾರಣ ಕಾಣುವುದಿಲ್ಲ.

ಟಿಕಿಯ ಕತೆಗೆ 2024ರಲ್ಲಿ ಇನ್ನೊಂದು ತಿರುವು ಬಂತು. ಅದೇ ಟಿಕಿ ಪದರಗಳಿಂದ ದತ್ತಾ 2005ರಲ್ಲಿ ಮೇಲ್ದವಡೆಯ ಒಂದೇ ಒಂದು ದವಡೆಹಲ್ಲಿನ ಆಧಾರದ ಮೇಲೆ ಟಿಕಿಥೀರಿಯಂ ಕೋಪೈ ಎಂಬ ಆದಿಸಸ್ತನಿಯನ್ನು ವರ್ಣಿಸಿದ್ದರು. ಅವೆರ್ಯಾನೊವ್ ಮತ್ತು ವೊಯ್ತಾ ಈಗ ಅದು ಟ್ರಯಾಸಿಕ್ ಪ್ರಾಣಿಯೇ ಅಲ್ಲ, ನಿಯೋಜೀನ್ ಕಾಲದ ಸುಂಡಿಲಿಯ ಹಲ್ಲು ಎಂದು ವಾದಿಸಿದ್ದಾರೆ. ಎರಡೂ ವಾದಗಳು ಸರಿಯಿದ್ದರೆ, ಹಳೆಯ ಮಣ್ಣಿನೊಳಗೆ ಬಂದು ಸೇರಿದ್ದು ಎರಡು: ಒಂದು ಓತಿ, ಒಂದು ಸುಂಡಿಲಿ.

ಈ ಜೋಡಿ ನನಗೆ ಅಪರಿಚಿತವಲ್ಲ. ಹಟ್ಟಿಯ ಮಾಡಿನಡಿಯಲ್ಲಿ ಗೂಬೆಯೋ ಹಾಲಕ್ಕಿಯೋ ಕೂರುವ ಕಡೆ ಕೆಳಗೆ ಬೀಳುವ, ಅವು ಕಾರಿದ ಉಂಡೆಗಳನ್ನು ನೀರಿನಲ್ಲಿ ಬಿಡಿಸಿ ನೋಡಿದರೆ ಇಲಿಯ ಮೂಳೆಗಳ ಜೊತೆ ಸುಂಡಿಲಿಯ ದವಡೆಗಳೂ ಆಗೊಮ್ಮೆ ಓತಿಯ ದವಡೆಯೂ ಸಿಗುತ್ತವೆ. ಸಣ್ಣ ಪ್ರಾಣಿಗಳ ಹಲ್ಲುಗಳು ಒಂದೆಡೆ ಸೇರುವುದಕ್ಕೆ ಹಕ್ಕಿಯ ಹೊಟ್ಟೆ ಬಹಳ ಸಾಮಾನ್ಯವಾದ ದಾರಿ. ಯಾವುದೋ ಕಾಲದ ಗೂಬೆ ಟಿಕಿಯ ಬೋಳುದಿಣ್ಣೆಯ ಬಿರುಕಿನ ಮೇಲೆ ಕೂತು ಕಾರಿದ್ದು ಮಳೆಯಲ್ಲಿ ಇಳಿದು ಹಳೆಯ ಜೇಡಿಯೊಳಗೆ ಸೇರಿರಬಹುದೇ? ಇದು ಊಹೆ, ಎರಡು ಮಾದರಿಗಳೂ ಒಂದೇ ಕಾಲದವೆಂಬುದೇ ಸಿದ್ಧವಾಗಿಲ್ಲ. ಆದರೆ ಈ ಊಹೆಗೆ ಒಂದು ಸದ್ಗುಣವಿದೆ. ಅದನ್ನು ಸೂಕ್ಷ್ಮದರ್ಶಕದಲ್ಲೇ ಪರೀಕ್ಷಿಸಬಹುದು.

ಬೇಟೆಹಕ್ಕಿಯ ಜಠರದ ಹುಳಿ ಎನಾಮಲ್ಲಿನ ಮೇಲೆ ಗುರುತು ಬಿಡುತ್ತದೆ. ಏಣುಗಳು ದುಂಡಗಾಗುತ್ತವೆ, ಎನಾಮಲ್ ಅಲ್ಲಲ್ಲಿ ತಿಂದುಹೋಗಿ ಒಳಗಿನ ಡೆಂಟಿನ್ ಹೊರಬರುತ್ತದೆ. ಪೀಟರ್ ಆಂಡ್ರೂಸ್ ಗೂಬೆಗಳು ಮತ್ತು ಗುಹೆಗಳ ಪಳೆಯುಳಿಕೆಗಳ ಬಗ್ಗೆ 1990ರಲ್ಲಿ ಬರೆದ ಗ್ರಂಥದಲ್ಲಿ ಯಾವ ಬೇಟೆಗಾರನ ಹೊಟ್ಟೆ ಎಷ್ಟು ಕರಗಿಸುತ್ತದೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳೊಡನೆ ಶ್ರೇಣಿ ಕಟ್ಟಿದ್ದಾರೆ: ಕಣಜ ಗೂಬೆಯದು ತೀರ ಕಡಿಮೆ, ಹಗಲು ಬೇಟೆಯಾಡುವ ಹದ್ದು-ಗಿಡುಗಗಳದ್ದು ಹೆಚ್ಚು, ಮಾಂಸಾಹಾರಿ ಸಸ್ತನಿಗಳದ್ದೂ ಹೆಚ್ಚು. ಆ ಶ್ರೇಣಿ ಮುಖ್ಯವಾಗಿ ಸಣ್ಣ ಸಸ್ತನಿಗಳ ಹಲ್ಲಿನ ಮೇಲೆ ನಿಂತದ್ದು. ಅಂಚಿಗೆ ಬೆಸೆದ ಓತಿಯ ಹಲ್ಲು ಹುಳಿಗೆ ಹೇಗೆ ವರ್ತಿಸುತ್ತದೆಂಬುದಕ್ಕೆ ಬೇರೆಯೇ ಚಿತ್ರಮಾಲೆ ಬೇಕು. ಅದಕ್ಕೆ ಓತಿಗಳನ್ನು ಹಿಡಿಯಬೇಕಾಗಿಲ್ಲ, ಹಿಡಿಯಲೂ ಬಾರದು. ಉಡದಂಥ ಪ್ರಾಣಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ. ಸಂಗ್ರಹಾಲಯಗಳ ಮಾದರಿಗಳು ಒಂದು ಕಡೆಗೆ, ಉಂಡೆಗಳಿಂದ ಬಂದ ದವಡೆಗಳು ಇನ್ನೊಂದು ಕಡೆಗೆ: ಎರಡನ್ನೂ ಒಂದೇ ದಿಕ್ಕು, ಒಂದೇ ಬೆಳಕು, ಒಂದೇ ಅಳತೆಯಲ್ಲಿ ತೆಗೆದರೆ ಹೋಲಿಕೆಯ ನೆಲೆ ಸಿದ್ಧವಾಗುತ್ತದೆ. ಮುಂದಿನ ಹಲ್ಲು ಸವೆತದಿಂದಲೇ ಮೊಂಡಾಗಿರುವುದರಿಂದ ಹುಳಿಯ ಗುರುತನ್ನು ಹುಡುಕಬೇಕಾದ್ದು ಸಾಲಿನ ಹಿಂತುದಿಯ ಹೊಸ ಹಲ್ಲುಗಳಲ್ಲಿ. ಅಲ್ಲಿ ಚೂಪಾಗಿರಬೇಕಾದ ತುದಿ ದುಂಡಗಾಗಿದ್ದರೆ ಅದಕ್ಕೆ ಕಾರಣ ಆಹಾರ ಅಗಿದದ್ದಲ್ಲ.

ಟಿಕಿಯ ಮೂಲಮಾದರಿಯ ಹಿಂದಿನ ಹಲ್ಲುಗಳನ್ನು ಇದೇ ಉದ್ದೇಶದಿಂದ ಮತ್ತೊಮ್ಮೆ ನಾಲಿಗೆಯ ಕಡೆಯಿಂದ ಚಿತ್ರಿಸುವುದು ಮೊದಲ ಕೆಲಸ. ಎರಡನೆಯದು ಹೆಚ್ಚು ಬೆವರಿನದು: ಟಿಕಿಯಲ್ಲಿ ಮೇಲ್ಮೈಯ ಸಡಿಲ ಮಣ್ಣನ್ನು ಪೂರ್ತಿ ತೆಗೆದು, ಬಿರುಕುಗಳಿಲ್ಲದ ಗಟ್ಟಿ ಜೇಡಿಕಲ್ಲನ್ನು ಆಳದಿಂದ ಕಡಿದು, ಬೇರೆ ನೀರಿನಲ್ಲಿ, ಬೇರೆ ಜರಡಿಯಲ್ಲಿ ತೊಳೆದು ನೋಡಬೇಕು. ಅದರಲ್ಲಿ ಅಂಥದೇ ದವಡೆ ಇನ್ನೊಂದು ಸಿಕ್ಕರೆ 2012ರ ವಾದ ಬೀಳುತ್ತದೆ, ನನ್ನ ಊಹೆಯೂ.